ಉತ್ತರದಾಯಿತ್ವ: ಕೊಟ್ಟವರು ಯಾರು?

ನಮ್ಮ ಬೀದಿಗೆ ಕಸದ ಆಟೊ ಒಂಬತ್ತು ದಿನ ಬರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ನಾಲ್ಕೈದು ಮನೆಯವರು ಸೇರಿ ವಾರ್ಡಿನ ಪಾಲಿಕೆ ಸದಸ್ಯೆಯ ಮನೆಗೆ ಹೋದೆವು. ಅವರು ಕುರ್ಚಿ ಹಾಕಿಸಿ, ನಮ್ಮ ಮಾತನ್ನೆಲ್ಲ ಕೇಳಿ, “ಕಸ ಎತ್ತುವುದನ್ನು ಕಂಪನಿಗೆ ಕೊಟ್ಟಿದ್ದಾರೆ ಮೇಷ್ಟ್ರೇ, ಅದು ನಮ್ಮ ಕೈಯಲ್ಲಿಲ್ಲ” ಎಂದರು. ಮೇಷ್ಟ್ರು ನಮ್ಮ ಪಕ್ಕದ ಮನೆಯವರು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. “ಕೊಟ್ಟಿದ್ದಾರೆ ಎಂದಿರಲ್ಲಮ್ಮ, ಕರ್ತೃಪದ ಎಲ್ಲಿ? ಕೊಟ್ಟವರು ಯಾರು?” ಎಂದು ಕೇಳಿದರು.

ಅಲ್ಲಿದ್ದ ಯಾರಿಗೂ ತಕ್ಷಣ ಮಾತು ಹೊರಡಲಿಲ್ಲ. ಕನ್ನಡದಲ್ಲಿ ಕರ್ತೃಪದವಿಲ್ಲದೆಯೇ ವಾಕ್ಯ ಸರಾಗವಾಗಿ ಮುಗಿಯುತ್ತದೆ. ‘ರಸ್ತೆ ಅಗೆದಿದ್ದಾರೆ’, ‘ನೀರು ಬಿಟ್ಟಿಲ್ಲ’, ‘ದರ ಏರಿಸಿದ್ದಾರೆ’ ಎಂದು ದಿನವೂ ಆಡುತ್ತೇವೆ. ಅಗೆದವರು, ಬಿಡದವರು, ಏರಿಸಿದವರು ಕ್ರಿಯಾಪದದ ಬೆನ್ನಿನ ಹಿಂದೆ ಉಳಿಯುತ್ತಾರೆ. ಅವರನ್ನು ಹೆಸರು ಹಿಡಿದು ಮುಂದಕ್ಕೆ ಕರೆಯುವ ಪದವೇ ಉತ್ತರದಾಯಿತ್ವ.

‘ದಾಯಿ’ ಎಂದರೆ ಕೊಡುವವನು. ಉತ್ತರ ಕೊಡಬೇಕಾದವನು ಉತ್ತರದಾಯಿ, ಅವನ ಆ ಸ್ಥಿತಿಯೇ ಉತ್ತರದಾಯಿತ್ವ. ಪತ್ರಿಕೆಗಳಲ್ಲಿ ಇದನ್ನು ಹೊಣೆಗಾರಿಕೆ, ಜವಾಬ್ದಾರಿ ಎಂಬ ಪದಗಳ ಜಾಗದಲ್ಲಿ ಅದಲುಬದಲಾಗಿ ಬಳಸುತ್ತಾರೆ. ಮೂರಕ್ಕೂ ನಂಟು ಇರುವುದು ನಿಜ. ‘ಹೊಣೆ’ ಹಳೆಯ ಕಾಲದಿಂದ ಜಾಮೀನು ಎಂಬ ಅರ್ಥವನ್ನು ಹೊತ್ತುಕೊಂಡು ಬಂದಿದೆ: ಇನ್ನೊಬ್ಬರು ತಪ್ಪಿದರೆ ನಾನು ಕಟ್ಟಿಕೊಡುತ್ತೇನೆ ಎಂದು ನಿಲ್ಲುವುದು. ‘ಜವಾಬು’ ಎಂದರೂ ಉತ್ತರವೇ. ಜವಾಬು ಹೊತ್ತವನು ಜವಾಬ್ದಾರ. ಆದರೆ ಬಳಸಿ ಬಳಸಿ ಜವಾಬ್ದಾರಿಯೊಳಗಿನ ಜವಾಬು ಸವೆದುಹೋಗಿದೆ. ಈಗ ಜವಾಬ್ದಾರಿ ಎಂದರೆ ಮಾಡಬೇಕಾದ ಕೆಲಸ, ಅಷ್ಟೇ. ಕೆಲಸ ಆಗದೆ ಹೋದಾಗ ಯಾರು, ಯಾರ ಮುಂದೆ ನಿಂತು, ಏನೆಂದು ಹೇಳಬೇಕು, ಹೇಳದಿದ್ದರೆ ಮುಂದೇನು ಎಂಬುದನ್ನು ತಿಳಿಸಲು ಇನ್ನೊಂದು ಪದ ಬೇಕಾಯಿತು. ಉತ್ತರದಾಯಿತ್ವ ಉಚ್ಚರಿಸಲು ಭಾರವಾದ ಪದ ಎಂದು ದೂರುವವರಿದ್ದಾರೆ. ನನಗೆ ಆ ಭಾರ ಇಷ್ಟ.

ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಹಂಚಬಹುದು. ಪಾಲಿಕೆ ಕಸದ ಕೆಲಸವನ್ನು ಒಂದು ಕಂಪನಿಗೆ, ಬೀದಿದೀಪವನ್ನು ಇನ್ನೊಂದಕ್ಕೆ ಒಪ್ಪಿಸಬಹುದು. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡ್‌ಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ 2008ರಲ್ಲಿ ಖಾಸಗಿ ಸಂಸ್ಥೆಯ ಮೂಲಕವೇ ನಡೆಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಗುತ್ತಿಗೆಯಾಗಿ ಹೋಗುವುದು ಕೆಲಸ ಮಾತ್ರ, ಉತ್ತರ ಕೊಡುವ ಭಾರ ಪಾಲಿಕೆಯಲ್ಲೇ ಉಳಿಯುತ್ತದೆ. ಏಕೆಂದರೆ ನಾವು ಮತ ಹಾಕಿದ್ದು ಕಂಪನಿಗಲ್ಲ, ತೆರಿಗೆ ಕಟ್ಟಿದ್ದೂ ಕಂಪನಿಗಲ್ಲ. ನೀರು ಪೂರೈಕೆ, ಘನತ್ಯಾಜ್ಯ, ರಸ್ತೆ, ಬೀದಿದೀಪ, ಸ್ಮಶಾನ ಇವೆಲ್ಲ ಸಂವಿಧಾನದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಸೇರಿವೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿ ಇವುಗಳನ್ನು ನಗರಾಡಳಿತದ ಕಾರ್ಯಗಳೆಂದು ಗುರುತಿಸಿತು.

“ನಮ್ಮ ಕೈಯಲ್ಲಿಲ್ಲ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಳ್ಳಬೇಕು. ಕರ್ನಾಟಕದ ಮಹಾನಗರ ಪಾಲಿಕೆಗಳಲ್ಲಿ ಕಾರ್ಯಾಂಗದ ಅಧಿಕಾರ ಆಯುಕ್ತರದು, ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಆಟೊ ಕಳುಹಿಸಿ ಎಂದು ಆದೇಶಿಸುವ ಅಧಿಕಾರ ಒಬ್ಬ ಸದಸ್ಯೆಗೆ ಇಲ್ಲ. ಆದರೆ ಸ್ಥಾಯಿ ಸಮಿತಿಯಲ್ಲಿ, ಸಾಮಾನ್ಯ ಸಭೆಯಲ್ಲಿ ಕೂರುವವರು ಅವರೇ. ಕೆಲಸದಲ್ಲಿ ನಡೆದ ನಿರ್ಲಕ್ಷ್ಯವನ್ನು ಎತ್ತಿ ಆಡಬಲ್ಲವರೂ ಅವರೇ. ಆದ್ದರಿಂದ “ಆಟೊ ಏಕೆ ಬರಲಿಲ್ಲ?” ಎಂಬ ಪ್ರಶ್ನೆಗಿಂತ “ಬಾರದ ಆಟೊದ ಬಗ್ಗೆ ನೀವು ಸಭೆಯಲ್ಲಿ ಏನು ಕೇಳಿದಿರಿ?” ಎಂಬ ಪ್ರಶ್ನೆ ಅವರಿಗೆ ಸರಿಯಾಗಿ ತಾಗುತ್ತದೆ.

ಇಲ್ಲಿ ನಾವು ಮತದಾರರು ಮಾಡುವ ತಪ್ಪೊಂದಿದೆ. ಅಂದು ನಮ್ಮೆದುರಿಗೇ ಸದಸ್ಯೆ ಯಾರಿಗೋ ಫೋನ್ ಮಾಡಿದರು. ಸಂಜೆಗೆ ಟ್ರ್ಯಾಕ್ಟರ್ ಬಂದು ಕಸ ಹೊತ್ತುಕೊಂಡು ಹೋಯಿತು. ಬೀದಿಯವರಿಗೆ ಖುಷಿಯೋ ಖುಷಿ. “ಹೇಳಿದ ತಕ್ಷಣ ಮಾಡಿಸಿಕೊಟ್ಟರು” ಎಂದು ಎರಡು ದಿನ ಅದೇ ಮಾತು. ನಾನೂ ಹಾಗೆಯೇ ಅಂದೆ. ಉಪಕಾರಕ್ಕೆ ನಾವು ಋಣಿಗಳಾಗುತ್ತೇವೆ, ಋಣದಲ್ಲಿರುವವರು ಮುಂದಿನ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಉತ್ತರದಾಯಿತ್ವದಲ್ಲಿ ಋಣ ಇರುವುದು ಅವರ ಕಡೆಗೆ. ಫೋನಿಗೆ ಓಗೊಟ್ಟು ಬಂದ ಟ್ರ್ಯಾಕ್ಟರ್ ಆ ಒಂಬತ್ತು ದಿನದ ಲೆಕ್ಕವನ್ನು ಹೇಳಲಿಲ್ಲ, ಪಕ್ಕದ ಬೀದಿಗೂ ಹೋಗಲಿಲ್ಲ.

ಮೇಷ್ಟ್ರು ಮಾತ್ರ ಅಲ್ಲಿಗೆ ಬಿಡಲಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂಪಾಯಿ ಶುಲ್ಕ ಕಟ್ಟಿ, ನಮ್ಮ ವಾರ್ಡಿನ ಕಸ ಸಾಗಣೆಯ ಕರಾರು ಪತ್ರ ಮತ್ತು ಆ ತಿಂಗಳ ಬಿಲ್ಲಿನ ಪ್ರತಿ ಕೇಳಿದರು. ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಇಪ್ಪತ್ತೆಂಟನೆಯ ದಿನ ಹದಿನಾಲ್ಕು ಹಾಳೆಗಳು ಬಂದವು. ಅವರ ಮನೆಯ ಜಗಲಿಯಲ್ಲಿ ಅವನ್ನು ಹರಡಿಕೊಂಡು ಕುಳಿತೆವು. ಆರನೆಯ ಹಾಳೆಯಲ್ಲಿ, ವಾಹನ ಬಾರದ ಪ್ರತಿ ದಿನಕ್ಕೂ ಬಿಲ್ಲಿನಲ್ಲಿ ಕಡಿತ ಮಾಡಬೇಕು ಎಂಬ ಷರತ್ತು ಇತ್ತು. ಕೊನೆಯ ಹಾಳೆಯಲ್ಲಿ, ಆ ತಿಂಗಳು ಪೂರ್ತಿ ವಾಹನ ಬಂದಿದೆ ಎಂಬ ದೃಢೀಕರಣ, ಅದರ ಕೆಳಗೆ ಸಹಿ, ಮೊಹರು. ಮೇಷ್ಟ್ರು ಎರಡೂ ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಕರ್ತೃಪದ ಸಿಕ್ಕಿತ್ತು.

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ ಸಂವಿಧಾನದ 243 ಎಸ್ ವಿಧಿ. ಕರ್ನಾಟಕದಲ್ಲಿ ಅದಕ್ಕೆ ಆಯಾ ವಾರ್ಡಿನ ಪಾಲಿಕೆ ಸದಸ್ಯರೇ ಅಧ್ಯಕ್ಷರು. ಉತ್ತರದಾಯಿತ್ವಕ್ಕೆ ಬೇಕಾದ ಜಾಗ ಇದು: ಕೇಳುವವರು, ಹೇಳಬೇಕಾದವರು ಎದುರುಬದುರು ಕೂರುವ ಜಾಗ, ಆಡಿದ ಮಾತು ನಡವಳಿಯಲ್ಲಿ ದಾಖಲಾಗುವ ಜಾಗ. ಮನೆಯ ಪಡಸಾಲೆಯಲ್ಲಿ ಆಡಿದ “ನೋಡೋಣ” ಗಾಳಿಗೆ ಹೋಗುತ್ತದೆ. ನಡವಳಿ ಪುಸ್ತಕದಲ್ಲಿ ಬರೆದ “ನೋಡೋಣ” ಮುಂದಿನ ಸಭೆಯಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಉತ್ತರ ಕೊಡಬೇಕಾದವರ ಕುರ್ಚಿಯೇ ಖಾಲಿಯಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 2015ರಲ್ಲಿ ಆಯ್ಕೆಯಾದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನ ಸ್ಪಷ್ಟವಾಗಿ ಹೇಳಿದ್ದರೂ ಹೀಗಾಯಿತು. ಕೆಟ್ಟ ಸದಸ್ಯರನ್ನು ಮುಂದಿನ ಬಾರಿ ಸೋಲಿಸಬಹುದು, ಸದಸ್ಯರೇ ಇಲ್ಲದ ವಾರ್ಡಿನಲ್ಲಿ ಸೋಲಿಸಲೂ ಯಾರೂ ಇರುವುದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ವಾರ್ಡ್ ಸಮಿತಿಯ ಸಭೆ ಒಂದು ಶನಿವಾರ ಸೇರಿತು. ಮೇಷ್ಟ್ರು ಆರನೆಯ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಗಟ್ಟಿಯಾಗಿ ಓದಿ, “ಒಂಬತ್ತು ದಿನದ ಕಡಿತ ಏಕೆ ಆಗಿಲ್ಲ ಎಂದು ನೀವು ಆಯುಕ್ತರನ್ನು ಕೇಳುತ್ತೀರಾ ಅಮ್ಮ?” ಎಂದರು. ಸದಸ್ಯೆ ಹಾಳೆಗಳನ್ನು ಇಸಿದುಕೊಂಡು ಎರಡು ಬಾರಿ ಓದಿದರು. ಅವರೂ ಅದನ್ನು ಮೊದಲ ಸಲ ನೋಡುತ್ತಿದ್ದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಪಕ್ಕದಲ್ಲಿ ನಡವಳಿ ಬರೆಯುತ್ತಿದ್ದ ನೌಕರನ ಕಡೆ ತಿರುಗಿ, “ಬರೆದುಕೊಳ್ಳಿ. ಅಧ್ಯಕ್ಷರು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪ್ರಶ್ನೆ ಕೇಳುತ್ತಾರೆ” ಎಂದರು. ತುಸು ತಡೆದು, “ಕೇಳುತ್ತಾರೆ ಬೇಡ. ನಾನು ಕೇಳುತ್ತೇನೆ ಎಂದೇ ಬರೆಯಿರಿ” ಎಂದರು.