‘ಡಾರ್ಕ್ ಆಫ್ ದ ಸನ್’: ವಜ್ರ, ರೈಲು ಮತ್ತು ಬಾಡಿಗೆ ಸೈನಿಕರು (ಅಧ್ಯಯನ ಟಿಪ್ಪಣಿ)

1968ರಲ್ಲಿ ತೆರೆಕಂಡ ‘ಡಾರ್ಕ್ ಆಫ್ ದ ಸನ್’ ಚಿತ್ರದ ಮಾತು ಬಂದಾಗಲೆಲ್ಲ ಅದರ ಕ್ರೌರ್ಯದ ಪ್ರಸ್ತಾಪ ಮೊದಲು ಬರುತ್ತದೆ. ಬ್ರಿಟನ್ನಿನಲ್ಲಿ ‘ದ ಮರ್ಸೆನರೀಸ್’ ಎಂಬ ಹೆಸರಿನಿಂದ ಬಿಡುಗಡೆಯಾದ ಈ ಚಿತ್ರವನ್ನು ನಿರ್ದೇಶಿಸಿದವರು ಜಾಕ್ ಕಾರ್ಡಿಫ್; ಕಥೆಗೆ ಆಧಾರ ವಿಲ್ಬರ್ ಸ್ಮಿತ್ ಅವರ ಕಾದಂಬರಿ. ತೆರೆಯ ಮೇಲೆ ರಕ್ತ ಎಷ್ಟು ಹರಿಯಿತು ಎಂದು ಎಣಿಸುವುದರಿಂದ ಅಭ್ಯಾಸಿಗಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ಆ ಹಿಂಸೆ ಯಾರ ಲೆಕ್ಕಾಚಾರದಿಂದ ಹುಟ್ಟುತ್ತದೆ ಎಂಬುದನ್ನು ಹಿಡಿದು ಹೋದರೆ ಚಿತ್ರಕಥೆಯ ಕಟ್ಟಡ ಸ್ಪಷ್ಟವಾಗುತ್ತದೆ.

ಕಥೆ ನಡೆಯುವುದು 1960ರ ದಶಕದ ಕಾಂಗೋದಲ್ಲಿ. ಅಲ್ಲಿನ ಅಧ್ಯಕ್ಷ ಊಬಿ, ಬಾಡಿಗೆ ಸೈನಿಕ ಬ್ರೂಸ್ ಕರಿಯನ್ನು (ರಾಡ್ ಟೇಲರ್) ಕರೆಸಿ ಒಂದು ಕೆಲಸ ಒಪ್ಪಿಸುತ್ತಾನೆ. ದಂಗೆಕೋರ ಸಿಂಬಾಗಳ ದಾಳಿಗೆ ತುತ್ತಾಗಲಿರುವ ದೂರದ ಗಣಿ ಪಟ್ಟಣಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿ ಸಿಕ್ಕಿಕೊಂಡಿರುವ ಯುರೋಪಿಯನ್ನರನ್ನು ಕರೆತರಬೇಕೆಂಬುದು ಹೊರಗೆ ಹೇಳುವ ಕಾರಣ. ಗಣಿ ಕಂಪನಿಯ ತಿಜೋರಿಯಲ್ಲಿರುವ 5 ಕೋಟಿ ಡಾಲರ್ ಬೆಲೆಯ ವಜ್ರಗಳನ್ನು ತರಬೇಕೆಂಬುದು ಒಳಗಿನ ಕಾರಣ. ಇಡೀ ಚಿತ್ರ ಈ ಎರಡು ಕಾರಣಗಳ ತಿಕ್ಕಾಟದ ಮೇಲೆಯೇ ನಿಂತಿದೆ.

ಆ ತಿಕ್ಕಾಟ ಮೈದಾಳುವುದು ತಿಜೋರಿಯ ಮುಂದೆ. ಅದಕ್ಕಿರುವುದು ನಿಗದಿತ ವೇಳೆಗೆ ಮಾತ್ರ ತೆರೆದುಕೊಳ್ಳುವ ಬೀಗ. ರೈಲು ಸಿದ್ಧವಾಗಿದೆ, ಜನ ಬೋಗಿ ಹತ್ತಲು ಕಾಯುತ್ತಿದ್ದಾರೆ, ಸಿಂಬಾಗಳು ಹತ್ತಿರವಾಗುತ್ತಿದ್ದಾರೆ. ಆದರೂ ಬಂದೂಕು ಹಿಡಿದ ಇಷ್ಟೊಂದು ಮಂದಿ ಒಂದು ಕಬ್ಬಿಣದ ಬಾಗಿಲಿನೆದುರು ಏನೂ ಮಾಡಲಾಗದೆ ಕಾಯಬೇಕಾಗುತ್ತದೆ. ಜನರನ್ನಷ್ಟೇ ಕರೆದೊಯ್ಯುವುದಾಗಿದ್ದರೆ ಆಗಲೇ ಹೊರಟುಬಿಡಬಹುದಿತ್ತು. ವಜ್ರಕ್ಕಾಗಿ ಕಾದದ್ದರಿಂದ, ರೈಲು ಹೊರಡುವ ವೇಳೆಗೆ ದಾಳಿ ಶುರುವಾಗಿರುತ್ತದೆ, ಮಾರ್ಟರ್ ಗುಂಡೊಂದು ಕೊನೆಯ ಬೋಗಿಯ ಕೊಂಡಿಯನ್ನು ಕತ್ತರಿಸುತ್ತದೆ, ಬಹುಪಾಲು ಯುರೋಪಿಯನ್ನರೂ ವಜ್ರಗಳೂ ಇದ್ದ ಆ ಬೋಗಿ ದಂಗೆಕೋರರ ಕೈಸೇರಿದ ಪಟ್ಟಣದತ್ತ ಹಿಂದಕ್ಕೆ ಉರುಳುತ್ತದೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಭೀಕರವಾದ ಕ್ಷಣ ಇನ್ನೊಂದಿಲ್ಲ ಎಂದು ನನಗನಿಸುತ್ತದೆ, ಆ ಕ್ಷಣದಲ್ಲಿ ರಕ್ತ ಕಾಣುವುದಿಲ್ಲವಾದರೂ. ಆ ರಾತ್ರಿ ಪಟ್ಟಣದಲ್ಲಿ ನಡೆಯುವ ಚಿತ್ರಹಿಂಸೆ, ಅತ್ಯಾಚಾರ, ಕೊಲೆಗಳನ್ನು ಈ ವಿಳಂಬದ ಜೊತೆಗಿಟ್ಟು ಓದಿಕೊಳ್ಳಬೇಕು. ಕೃತ್ಯ ಎಸಗಿದವರು ಸಿಂಬಾಗಳು, ನಿಜ. ಆದರೆ ಆ ಜನರನ್ನು ಅಷ್ಟು ಹೊತ್ತು ಅಲ್ಲಿ ಕಾಯಿಸಿದ್ದು ವಜ್ರದ ಆಸೆ.

ಕರಿಯ ತಂಡದಲ್ಲಿ ಮುಖ್ಯರಾದವರು ಮೂವರು. ಕುಡುಕ ವೈದ್ಯ ರೀಡ್ (ಕೆನೆತ್ ಮೋರ್) ಹೆರಿಗೆ ಕಷ್ಟವಾಗಿರುವ ಹೆಂಗಸಿನ ನೆರವಿಗೆ ನಿಲ್ಲುತ್ತಾನೆ; ಅವನ ಪಾತ್ರ ಚಿಕ್ಕದಾದರೂ ಅಚ್ಚುಕಟ್ಟಾಗಿದೆ. ಹೆನ್‌ಲೈನ್ (ಪೀಟರ್ ಕಾರ್ಸ್ಟನ್) ಹಳೆಯ ನಾಜಿ. ಇವನು ಕೇವಲ ಕಲ್ಪನೆಯ ಕೂಸಲ್ಲ: ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೇನೆಯಲ್ಲಿದ್ದ ಸೀಗ್‌ಫ್ರೀಡ್ ಮ್ಯುಲ್ಲರ್ ಎಂಬಾತ ತನ್ನ ಐರನ್ ಕ್ರಾಸ್ ಪದಕವನ್ನು ಧರಿಸಿಕೊಂಡೇ ಕಾಂಗೋದಲ್ಲಿ ಬಾಡಿಗೆ ಸೈನಿಕನಾಗಿದ್ದ. ದಾರಿಯಲ್ಲಿ ಇಬ್ಬರು ಮಕ್ಕಳನ್ನು ಗೂಢಚಾರರೆಂಬ ನೆಪ ಹೂಡಿ ಕೊಲ್ಲುವವನು ಈ ಹೆನ್‌ಲೈನ್. ಮರ ಕೊಯ್ಯುವ ಯಂತ್ರಗರಗಸ ಹಿಡಿದು ಅವನು ಕರಿಯ ಮೇಲೆ ಬೀಳುವ ಕಾಳಗ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯವಾಗಿದೆ.

ಮೂರನೆಯವನು ರಫೊ (ಜಿಮ್ ಬ್ರೌನ್). ಅಮೆರಿಕನ್ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿ ಚಿತ್ರರಂಗಕ್ಕೆ ಬಂದ ಬ್ರೌನ್ ಇಲ್ಲಿ ಕಾಂಗೋದ ಮಗನಾಗಿ ನಟಿಸಿದ್ದಾರೆ. ಕರಿ ಹೋರಾಡುವುದು ಹಣಕ್ಕೆ, ರಫೊ ಹೋರಾಡುವುದು ತನ್ನ ನಾಡಿಗೆ. ಇಬ್ಬರೂ ಒಂದೇ ರೈಲಿನಲ್ಲಿದ್ದರೂ ಅವರಿಗೆ ಈ ಪಯಣದ ಅರ್ಥ ಬೇರೆಬೇರೆ. ಉರುಳಿಹೋದ ವಜ್ರಗಳನ್ನು ಮರಳಿ ಪಡೆಯಲು ಇಬ್ಬರೂ ಪಟ್ಟಣದೊಳಗೆ ನುಸುಳುವ ಪ್ರಸಂಗವನ್ನು ವಿವರವಾಗಿ ನೋಡುವುದು ಒಳ್ಳೆಯದು. ರಫೊ ಸಿಂಬಾನಂತೆ ವೇಷ ಹಾಕಿ, ಸತ್ತವನಂತೆ ಬಿದ್ದಿರುವ ಕರಿಯನ್ನು ಹೆಗಲ ಮೇಲೆ ಹೊತ್ತು ದಂಗೆಕೋರರ ನಡುವೆಯೇ ನಡೆದುಹೋಗುತ್ತಾನೆ. ಅದುವರೆಗೆ ಅಪ್ಪಣೆ ಕೊಡುತ್ತಿದ್ದ ಬಿಳಿಯ ನಾಯಕನ ಜೀವ ಆ ಕೆಲವು ನಿಮಿಷ ಪೂರ್ತಿಯಾಗಿ ರಫೊನ ಹೆಗಲ ಮೇಲಿರುತ್ತದೆ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಚಿತ್ರವು ಎರಡು ಬೇರೆ ಕಾಲಘಟ್ಟಗಳನ್ನು ಒಂದಾಗಿ ಹೊಲಿದಿದೆ. ಕಾಂಗೋ 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಜುಲೈನಲ್ಲಿ ಖನಿಜಸಂಪನ್ನವಾದ ಕಟಾಂಗಾ ಪ್ರಾಂತ್ಯ ಮೊಯಿಸ್ ಚೊಂಬೆಯ ನಾಯಕತ್ವದಲ್ಲಿ ಪ್ರತ್ಯೇಕತೆ ಘೋಷಿಸಿತು. ಆಗ ಬಾಡಿಗೆ ಸೈನಿಕರಿದ್ದದ್ದು ಕಟಾಂಗಾದ ಪರವಾಗಿ, ಎಂದರೆ ಕೇಂದ್ರ ಸರ್ಕಾರದ ವಿರುದ್ಧವಾಗಿ. ಅವರ ಎದುರಾಳಿ ವಿಶ್ವಸಂಸ್ಥೆಯ ಪಡೆ. ಆ ಪಡೆಯಲ್ಲಿ ಭಾರತದ ಸೈನಿಕರೂ ಕ್ಯಾನ್‌ಬೆರಾ ವಿಮಾನಗಳೂ ಇದ್ದವು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. ಕಟಾಂಗಾದ ಪ್ರತ್ಯೇಕತೆ 1963ರ ಜನವರಿಯಲ್ಲಿ ಕೊನೆಗೊಂಡಿತು, 1964ರ ಜೂನ್ ಅಂತ್ಯಕ್ಕೆ ವಿಶ್ವಸಂಸ್ಥೆಯ ಪಡೆ ಕಾಂಗೋ ತೊರೆಯಿತು. ಸಿಂಬಾಗಳು ಸ್ಟ್ಯಾನ್ಲಿವಿಲ್ ನಗರವನ್ನು ಹಿಡಿದದ್ದು ಅದಾದ ಮೇಲೆ, ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಅದೇ ಚೊಂಬೆ ಕಾಂಗೋದ ಪ್ರಧಾನಿಯಾಗಿದ್ದ, ಬಾಡಿಗೆ ಸೈನಿಕರು ಈಗ ಸರ್ಕಾರದ ಕಡೆಗಿದ್ದರು. ಹೀಗಿರುವಾಗ ಸಿಂಬಾಗಳಿಂದ ಜನರನ್ನು ಪಾರುಮಾಡಲು ಹೊರಟ ರೈಲಿನ ಮೇಲೆ ವಿಶ್ವಸಂಸ್ಥೆಯ ವಿಮಾನ ದಾಳಿ ಮಾಡುವ ದೃಶ್ಯಕ್ಕೆ ಚರಿತ್ರೆಯಲ್ಲಿ ಜಾಗವಿಲ್ಲ. ನಾಟಕೀಯವಾಗಿ ಅದು ಕೆಲಸ ಮಾಡುತ್ತದೆ; ಸಾಕ್ಷ್ಯವೆಂದು ಮಾತ್ರ ಬಳಸಿಕೊಳ್ಳಬಾರದು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಪದಚ್ಯುತ ಪ್ರಧಾನಿ ಪಟ್ರೀಸ್ ಲುಮುಂಬಾ 1961ರ ಜನವರಿಯಲ್ಲಿ ಕಟಾಂಗಾದಲ್ಲಿ ಹತ್ಯೆಯಾದರು. 1964ರ ದಂಗೆಯನ್ನು ಮುನ್ನಡೆಸಿದವರಲ್ಲಿ ಅವರ ಅನುಯಾಯಿಗಳಿದ್ದರು. ಚಿತ್ರದ ಸಿಂಬಾಗಳಿಗೆ ಇಂಥ ಯಾವ ಹಿನ್ನೆಲೆಯೂ ಇಲ್ಲ. ಹೆನ್‌ಲೈನ್‌ನ ಕ್ರೌರ್ಯಕ್ಕೆ ಹೆಸರು, ಮುಖ, ಗತಕಾಲ ಎಲ್ಲವೂ ಇವೆ. ದಂಗೆಕೋರರು ಮುಖವಿಲ್ಲದ ಗುಂಪಾಗಿಯೇ ಉಳಿಯುತ್ತಾರೆ. ಚಿತ್ರೀಕರಣ ನಡೆದದ್ದು ಆಫ್ರಿಕಾದಲ್ಲಲ್ಲ, ಜಮೈಕಾದಲ್ಲಿ. ಛಾಯಾಗ್ರಹಣಕ್ಕೆ ಆಸ್ಕರ್ ಗಳಿಸಿದ್ದ ಕಾರ್ಡಿಫ್ ಆ ಹಸಿರನ್ನೂ ರೈಲುಹಾದಿಯನ್ನೂ ಕಾಂಗೋ ಎಂದೇ ನಂಬಿಸುವಷ್ಟು ಚೆನ್ನಾಗಿ ತೋರಿಸಿದ್ದಾರೆ, ಆದರೆ ಆ ನಾಡಿನ ಜನರಿಗೆ ರಫೊನ ಹೊರತು ಹೆಚ್ಚು ಮಾತು ಕೊಟ್ಟಿಲ್ಲ.

ಇನ್ನು ಕೊನೆಯ ಭಾಗ. ಕರಿ ಇಂಧನ ಹುಡುಕಲು ಹೋದಾಗ, ವಜ್ರಗಳು ರಫೊನ ಬಳಿ ಇವೆಯೆಂದು ನಂಬಿದ ಹೆನ್‌ಲೈನ್ ಅವನನ್ನು ಕೊಲ್ಲುತ್ತಾನೆ. ಕರಿ ಬೆನ್ನಟ್ಟಿ ಹೋಗಿ ಹೆನ್‌ಲೈನ್‌ನನ್ನು ಮುಗಿಸುತ್ತಾನೆ. ಸಾಮಾನ್ಯ ಸಾಹಸಚಿತ್ರವಾಗಿದ್ದರೆ ಸೇಡು ತೀರಿದಲ್ಲಿಗೆ ಪರದೆ ಇಳಿಯುತ್ತಿತ್ತು. ಇಲ್ಲಿ ಕರಿ ಮರಳಿ ಬಂದು, ತನ್ನನ್ನು ಸೇನಾ ನ್ಯಾಯಾಲಯದ ವಿಚಾರಣೆಗೆ ಒಳಪಡಿಸುವಂತೆ ತಾನೇ ಶರಣಾಗುತ್ತಾನೆ. ಈ ಮುಕ್ತಾಯವನ್ನು ಕೃತಕವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಕ್ಕಳನ್ನು ಕೊಂದವನ ಮೇಲೆ ಸಿಡಿದೆದ್ದ ಕರಿ, ಕೊನೆಗೆ ಅದೇ ಬಗೆಯ ಕೊಲೆಗಾರನಾಗಿ ನಿಂತಿರುವುದನ್ನು ರಫೊನ ಸಾವು ಅವನಿಗೇ ತೋರಿಸಿಕೊಟ್ಟಿದೆ. ಬಾಡಿಗೆ ಸೈನಿಕನಿಗೆ ಯುದ್ಧಕೈದಿಯ ಹಕ್ಕು ಇಲ್ಲವೆಂದು ಜಿನೀವಾ ಒಪ್ಪಂದಗಳ ಮೊದಲನೆಯ ಹೆಚ್ಚುವರಿ ಪ್ರೋಟೊಕಾಲ್‌ನ 47ನೆಯ ವಿಧಿ ಹೇಳಿದ್ದು 1977ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲು ಬಂದ ಈ ಚಿತ್ರದಲ್ಲಿ, ಹಣಕ್ಕಾಗಿ ಕಾದಾಡಿದವನೊಬ್ಬ ತಾನು ಸೈನಿಕನೇ ಹೌದಾದರೆ ಸೈನಿಕನಿಗೆ ಅನ್ವಯಿಸುವ ಶಿಕ್ಷೆ ತನಗೂ ಅನ್ವಯಿಸಲಿ ಎಂದು ಪಟ್ಟುಹಿಡಿಯುತ್ತಾನೆ.