ಹೊಟ್ಟೆಯ ಗರಿಯಲ್ಲಿ ನೀರು ತರುವ ಅಪ್ಪ

ಮರಿ ಸಾಕುವುದು ಅಮ್ಮನ ಕೆಲಸ, ಪ್ರಾಣಿಗಳಲ್ಲಿ ಅಪ್ಪನಿಗೆ ಮರಿಯ ಗೊಡವೆಯೇ ಇಲ್ಲ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಹಕ್ಕಿಗಳ ವಿಷಯದಲ್ಲಂತೂ ಅದು ಶುದ್ಧ ತಪ್ಪು. ಎಂಪರರ್ ಪೆಂಗ್ವಿನ್ ಅಪ್ಪ ಊಟ ಬಿಟ್ಟು ಎರಡು ತಿಂಗಳು ಮೊಟ್ಟೆ ಕಾಯುವುದು ಎಲ್ಲರಿಗೂ ಗೊತ್ತು, ಅದಿರಲಿ. ಸ್ಯಾಂಡ್‌ಗ್ರೌಸ್ ಅಪ್ಪನನ್ನು ನೋಡಿ.

ಪಾರಿವಾಳದಂಥ ಹಕ್ಕಿ ಇದು. ಇದರ ನಮಾಕ್ವಾ ಎಂಬ ಜಾತಿ ಆಫ್ರಿಕಾದ ಕಲಹರಿಯಂಥ ಒಣ ಬಯಲಲ್ಲಿ, ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ನೀರು ಎಷ್ಟೋ ಸಲ 20-30 ಕಿಲೋಮೀಟರ್ ದೂರ. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಓಡಾಡುತ್ತವೆ, ಕಾಳನ್ನು ತಾವೇ ಹೆಕ್ಕಿ ತಿನ್ನುತ್ತವೆ. ಆದರೆ ಒಣ ಕಾಳಲ್ಲಿ ನೀರೆಲ್ಲಿ ಬರಬೇಕು?

ಅದಕ್ಕೇ ಅಪ್ಪ ಹೊರಡುತ್ತಾನೆ. ಮೊದಲು ಹೊಟ್ಟೆಯನ್ನು ಮಣ್ಣಿಗೆ ತಿಕ್ಕುತ್ತಾನೆ. ಆಮೇಲೆ ನೀರಿಗಿಳಿದು, ಮೈ ಅಲ್ಲಾಡಿಸುತ್ತಾ ಗರಿ ನೆನೆಸುತ್ತಾನೆ. ಇಲ್ಲಿದೆ ನೋಡಿ ಸೊಗಸು. ಮಾಮೂಲಿ ಗರಿಯ ಎಳೆಗಳು ಚೀಲದ ಜಿಪ್ಪಿನ ಹಾಗೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ, ನೀರು ಕೆಸುವಿನೆಲೆ ಮೇಲಿನಂತೆ ಜಾರಿಹೋಗುತ್ತದೆ. ಇವನ ಹೊಟ್ಟೆಯ ಗರಿಯಲ್ಲಿ ಮಾತ್ರ ಸಣ್ಣ ಎಳೆಗಳು ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತವೆ. ನೀರು ತಾಗಿತೋ, ಸುರುಳಿ ಬಿಚ್ಚಿ ನೆಟ್ಟಗೆ ನಿಲ್ಲುತ್ತವೆ, ಒತ್ತಾಗಿ ಬೆಳೆದ ಹುಲ್ಲಿನ ಹಾಗೆ. ಆ ಸಂದುಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಬಣ್ಣದ ಕುಂಚವನ್ನು ನೀರಿಗದ್ದಿ ಎತ್ತಿದರೆ ಕೂದಲ ನಡುವೆ ನೀರು ನಿಲ್ಲುತ್ತದಲ್ವಾ, ಅದೇ ಉಪಾಯ. ಹೀಗೆ 25ರಿಂದ 40 ಮಿಲಿಲೀಟರ್ ಹಿಡಿಯಬಹುದು. ಹಾರುವಾಗ ಒಂದಿಷ್ಟು ಆರಿಹೋಗುತ್ತದೆ, ಉಳಿದದ್ದು ಮರಿಗಳಿಗೆ.

ಮೀಡ್-ವಾಲ್ಡೊ ಎಂಬ ಇಂಗ್ಲಿಷ್ ಪಕ್ಷಿಪ್ರೇಮಿ ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು 1896ರಲ್ಲೇ ಬರೆದ. ಅನೇಕರು ನಂಬಲಿಲ್ಲ. ಕೇಡ್ ಮತ್ತು ಮ್ಯಾಕ್ಲೀನ್ ಎಂಬ ಇಬ್ಬರು ಪಕ್ಷಿವಿಜ್ಞಾನಿಗಳು ಕಲಹರಿಯಲ್ಲೇ ಕೂತು ನೋಡಿ, ಗರಿ ಪರೀಕ್ಷಿಸಿ 1967ರಲ್ಲಿ ಪ್ರಕಟಿಸುವ ತನಕ ಅನುಮಾನ ಹೋಗಲಿಲ್ಲ. ಅರಿಸ್ಟಾಟಲ್‌ಗೂ ಇದೇ ಗತಿ. ಗ್ರೀಸಿನ ನದಿಯ ಒಂದು ಕ್ಯಾಟ್‌ಫಿಶ್‌ನಲ್ಲಿ ಗಂಡೇ ವಾರಗಟ್ಟಲೆ ಮೊಟ್ಟೆ ಕಾಯುತ್ತದೆ ಎಂದು ಅವನು ಬರೆದಿದ್ದ. ಅದು ಕಟ್ಟುಕತೆಯಲ್ಲ, ಅವನು ಹೇಳಿದ್ದು ಯುರೋಪಿನ ಮಾಮೂಲಿ ಕ್ಯಾಟ್‌ಫಿಶ್ ಅಲ್ಲ, ಬೇರೆಯೇ ಜಾತಿಯ ಮೀನು ಎಂದು ಲೂಯಿ ಅಗಾಸಿ ಎಂಬ ವಿಜ್ಞಾನಿ ತೋರಿಸಿದ್ದು 19ನೇ ಶತಮಾನದಲ್ಲಿ. ಅಪ್ಪನ ಮೇಲೆ ನಮಗೆ ನಂಬಿಕೆ ಬರಲು ಎರಡು ಸಾವಿರ ವರ್ಷ ಬೇಕಾಯಿತು!

ನಂಬಿಕೆ ಅಂದರೆ ನಾವು ತೋರಿಸುವುದು ಚಾತಕವನ್ನು. ಮಳೆಹನಿಗೇ ಬಾಯಿ ತೆರೆದು ಕಾಯುತ್ತದಂತೆ. ಇಲ್ಲ, ಅದೂ ಉಳಿದ ಹಕ್ಕಿಗಳಂತೆಯೇ ನೀರು ಕುಡಿಯುತ್ತದೆ. ಜೊತೆಗೆ ತನ್ನ ಮೊಟ್ಟೆಯನ್ನು ಬೇರೆ ಹಕ್ಕಿಯ ಗೂಡಲ್ಲಿಟ್ಟು ಹೋಗುತ್ತದೆ. ದೇವರನ್ನು ತಂದೆ ಎಂದು ಕರೆಯುವವರು ನಂಬಿ ಕಾಯುವುದರ ಅರ್ಥ ಕಾಣಬೇಕೆಂದರೆ ಸ್ಯಾಂಡ್‌ಗ್ರೌಸ್ ಮರಿಗಳನ್ನು ನೋಡಲಿ ಎನ್ನುತ್ತೇನೆ ನಾನು. ಮರಿಗೆ ನಮ್ಮ ಹಾಗೆ ಶ್ರದ್ಧೆ, ಭಕ್ತಿ ಇದೆ ಎನ್ನುತ್ತಿಲ್ಲ. ನೀರು ತಂದ ಅಪ್ಪಂದಿರ ಮರಿಗಳು ಬದುಕಿ ಬೆಳೆದವು, ಆ ಗರಿಯೂ ಆ ಗುಣವೂ ಹಾಗೇ ಮುಂದುವರಿಯಿತು, ಅಷ್ಟೇ. ಆದರೆ ಈ ವಿವರಣೆ ತಿಳಿದ ಮೇಲೆ ನನ್ನ ಬೆರಗು ಜಾಸ್ತಿಯೇ ಆಗಿದೆ.

ಅಪ್ಪ ಬಂದಿಳಿದು, ಮೈ ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಮಣ್ಣಿನ ಬಣ್ಣದ ಮರಿಗಳು ಎದ್ದು ಓಡಿ ಬಂದು ಅವನ ಹೊಟ್ಟೆಯಡಿ ನುಗ್ಗಿ, ಒದ್ದೆ ಗರಿಯನ್ನು ಕೊಕ್ಕಿನಿಂದ ಒಂದೊಂದಾಗಿ ಎಳೆದೆಳೆದು ಕುಡಿಯುತ್ತವೆ.