ಗಿರಾಕಿ ಕಮ್ಮಿಯಾದರೆ ಮೆನು ಯಾಕೆ ಉದ್ದ ಆಗುತ್ತದೆ?

ವ್ಯಾಪಾರ ಬಿದ್ದಾಗ ನಮ್ಮ ಸಣ್ಣ ಹೋಟೆಲಿನವರು ಮಾಡುವ ಮೊದಲ ಕೆಲಸ ಹೊಸ ಬೋರ್ಡ್ ಬರೆಸುವುದು. ಇಡ್ಲಿ, ದೋಸೆಯ ಹೋಟೆಲಿಗೆ ಗೋಬಿ ಮಂಚೂರಿ ಬರುತ್ತದೆ. ಹಿಂದೆಯೇ ಫ್ರೈಡ್ ರೈಸ್, ಪನೀರ್, ಜ್ಯೂಸ್. ಲೆಕ್ಕ ನೋಡುವ ನಾನು ಬೇಡ ಅಂದರೆ ಒಂದೇ ಉತ್ತರ: "ಗಿರಾಕಿ ಕೇಳ್ತಾರೆ ಸಾರ್." ಎಷ್ಟು ಜನ ಕೇಳಿದರು? ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ನಿಧಾನವಾಗಿ ಲೆಕ್ಕ ಹಾಕೋಣ. ಗೋಬಿ ಪ್ಲೇಟಿಗೆ 80 ರೂಪಾಯಿ, ಸಾಮಾನಿಗೆ 30 ಅಂತಿಟ್ಟುಕೊಳ್ಳಿ. ಮಾಲೀಕರ ಕಣ್ಣಿಗೆ 50 ರೂಪಾಯಿ ಲಾಭ. ದಿನಕ್ಕೆ 20 ಪ್ಲೇಟ್ ಹೋದರೆ ತಿಂಗಳಿಗೆ 30,000. ಈಗ ಕಳೆಯಿರಿ. ಅದಕ್ಕೇ ಅಂತ ಬಂದ ಕುಕ್‌ಗೆ 20,000, ಊಟ, ರೂಮು ಬೇರೆ. 19 ಕೆಜಿ ಸಿಲಿಂಡರ್ ಎರಡೋ ಮೂರೋ ಜಾಸ್ತಿ. ಫ್ರೀಜರಿನ ಕರೆಂಟು, ಕಪ್ಪಾಗಿ ಚೆಲ್ಲಿದ ಎಣ್ಣೆ, ಬಾಡಿದ ಹೂಕೋಸು. ಮಳೆ ಬಂದು ಐದೇ ಪ್ಲೇಟ್ ಹೋದ ದಿನವೂ ಸಂಬಳ ನಿಲ್ಲುವುದಿಲ್ಲ. ಅಷ್ಟಕ್ಕೂ ಗೋಬಿ ತಿಂದವರಲ್ಲಿ ಎಷ್ಟೋ ಜನ ಮೊದಲು ನಿಮ್ಮಲ್ಲೇ ದೋಸೆ ತಿನ್ನುತ್ತಿದ್ದವರು, ಅಲ್ವಾ? ಅವರ 80 ರೂಪಾಯಿ ಹೊಸ ವ್ಯಾಪಾರವೇ ಅಲ್ಲ. (2024ರಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ ಕೆಲವರು ನನಗೇ ಫೋನ್ ಮಾಡಿ ಬೈದರು. ಬಣ್ಣ ಹಾಕಿದ್ದು ನಾನಾ?)

ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು ಅಂತ ಅವರೇ ಹೇಳಿಕೊಳ್ಳುತ್ತಾರೆ. ಸಾಮಾನು ಬದಲಾಯಿತು, ಕೆಲಸ ಅದೇ, ಪಾತ್ರೆ ಅದೇ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರಕ್ಕೆ ಕಡಿವಾಣ ಹಾಕಿದಾಗ ಹೋಟೆಲ್ ಮುಚ್ಚಿ ಮಸಾಲೆ, ಮಿಕ್ಸ್ ಪೊಟ್ಟಣಗಳ ಕಡೆ ತಿರುಗಿದರು. ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಸಾಂಬಾರೂ ಇಲ್ಲ, ಬರೀ ಚಟ್ನಿ. ಆದರೂ ಜನ ನಿಂತು ತಿನ್ನುತ್ತಾರೆ.

ಪರಿಸರ ಉಳಿಸಿ ಅಂತ ಬಿದಿರಿನ ಸ್ಟ್ರಾ ಮಾರಲು ಬರುವವರಿದ್ದಾರೆ. ಬೇಡ ಅನ್ನುವುದಿಲ್ಲ. ಆದರೆ ಸಣ್ಣ ಹೋಟೆಲಿನಲ್ಲಿ ಗ್ಯಾಸು, ನೀರು, ಎಸೆಯುವ ಅನ್ನ ಎಲ್ಲವೂ ಮೆನುವಿನ ಉದ್ದಕ್ಕೆ ತಕ್ಕಂತೆ ಏರುತ್ತವೆ. 2020ರ ಲಾಕ್‌ಡೌನಿನಲ್ಲಿ ಪಾರ್ಸೆಲ್ ಮಾತ್ರ ಅಂದಾಗ ಎಷ್ಟೋ ಹೋಟೆಲುಗಳು ನಾಲ್ಕೈದು ತಿಂಡಿಯಲ್ಲೇ ದಿನ ತಳ್ಳಿದವು. ಜೂನ್ 8ಕ್ಕೆ ಕೂತು ತಿನ್ನಲು ಬಿಟ್ಟರು ನೋಡಿ, ಹಳೇ ಮೆನು ಪೂರ್ತಿ ವಾಪಸ್!

ಒಂದು ಎಚ್ಚರಿಕೆ. ಹೈವೇ ಹೋಟೆಲಿನ ಕಥೆ ಬೇರೆ, ಲಾಡ್ಜ್ ಇದ್ದರಂತೂ ಇನ್ನೂ ಬೇರೆ. ಇದನ್ನು ಓದಿ ನಾಳೆಯೇ ಏನನ್ನೂ ಕಿತ್ತುಹಾಕಬೇಡಿ. ಮೊದಲು ಮೂರು ತಿಂಗಳ ಬಿಲ್ ತೆಗೆದು ಯಾವುದು ಎಷ್ಟು ಹೋಗಿದೆ ನೋಡಿ. ರಾತ್ರಿ ಎಸೆದಿದ್ದನ್ನು ಕ್ಲೀನರ್ ಹತ್ತಿರವೇ ಬರೆಸಿ, ಭಟ್ಟರ ಹತ್ತಿರ ಬೇಡ. ತಾವು ಮಾಡಿದ್ದು ಉಳಿಯಿತು ಅಂತ ಯಾವ ಭಟ್ಟರೂ ಬರೆಯುವುದಿಲ್ಲ.

ಹಾಸನದ ಕಡೆಯ ಒಬ್ಬ ಮಾಲೀಕರು ಎಲ್ಲ ಒಪ್ಪಿದರು, ಬನ್ಸ್ ಮಾತ್ರ ಬಿಡಲಿಲ್ಲ. ಇಬ್ಬರು ರಿಟೈರ್ಡ್ ಮೇಷ್ಟ್ರು ಅದಕ್ಕೇ ಬರುತ್ತಾರಂತೆ. "ಶನಿವಾರ ಮಾತ್ರ ಮಾಡಿ" ಅಂದೆ. "ಹಾಗೇ ಮಾಡ್ತೀನಿ ಸಾರ್" ಅಂದರು. ಹೋದ ಮಂಗಳವಾರ ಹೋದಾಗ ಕಾಫಿ ಜೊತೆ ನನಗೂ ಒಂದು ಬನ್ಸ್ ಬಂತು.